ರವಿವಾರದ ಕೋಡಿಂಗ್ ಕೂಟ, ಹುಬ್ಬಳ್ಳಿ-ಧಾರವಾಡ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸಬರು ಬಂದಾಗಲೆಲ್ಲ ಇವೇ ಪ್ರಶ್ನೆಗಳು ಬರುತ್ತವೆ. ಪ್ರತಿ ಸಲ ಬಾಯಲ್ಲಿ ಹೇಳುವಾಗ ಏನಾದರೊಂದು ಬಿಟ್ಟು ಹೋಗುತ್ತದೆ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ಕೆಲವು ಉತ್ತರ ಒಂದು ಸಾಲು, ಕೆಲವು ಉದ್ದ ಇವೆ. ನಮ್ಮ ತಲೆ ತಿಂದ ವಿಷಯಗಳಿಗೆ ಜಾಸ್ತಿ ಜಾಗ ಸಿಕ್ಕಿದೆ.

ಈ ಕೂಟ ಅಂದರೆ ಏನು? ಕ್ಲಾಸೋ, ಕಂಪನಿಯೋ?

ಎರಡೂ ಅಲ್ಲ. ಪ್ರೋಗ್ರಾಂ ಬರೆಯುವುದು ಇಷ್ಟ ಇರುವ ಹದಿನೈದಿಪ್ಪತ್ತು ಜನ ತಿಂಗಳಿಗೆ ಎರಡು ರವಿವಾರ ಒಂದು ಕಡೆ ಕೂತು, ತಾವು ಮಾಡುತ್ತಿರುವುದನ್ನು ಒಬ್ಬರಿಗೊಬ್ಬರು ಬಿಚ್ಚಿ ತೋರಿಸುತ್ತೇವೆ, ಯಾರಾದರೂ ಎಲ್ಲಾದರೂ ಸಿಕ್ಕಿಹಾಕಿಕೊಂಡಿದ್ದರೆ ಎಲ್ಲರೂ ಸೇರಿ ಬಿಡಿಸುತ್ತೇವೆ. ಕಾಲೇಜಿನ ಹುಡುಗ ಹುಡುಗಿಯರು, ಬ್ಯಾಂಕಿನ ಕೆಲಸದವರು, ರಿಟೈರ್ ಆದ ಗಣಿತದ ಮಾಸ್ತರು, ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುವ ಅಕ್ಕ, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗ, ಹೀಗೆ ತರಾವರಿ ಮಂದಿ. ಹಾಜರಿ ಇಲ್ಲ. ಸರ್ಟಿಫಿಕೇಟ್ ಇಲ್ಲ.

ನಮ್ಮದೊಂದು ನಂಬಿಕೆ ಇದೆ. ನಿಮ್ಮ ಮನೆಯದೋ, ಅಂಗಡಿಯದೋ, ಹೊಲದ್ದೋ ಒಂದು ಸಣ್ಣ ಕೆಲಸ ಹಿಡಿದು, ಅದು ಮುಗಿಯುವ ತನಕ ಬಿಡದೆ ಕೂತರೆ ಕೋಡಿಂಗ್ ಬಂದೇ ಬರುತ್ತದೆ. ಕೆಳಗಿನ ಉತ್ತರಗಳೆಲ್ಲ ಇದರ ಮೇಲೆಯೇ ನಿಂತಿವೆ.

ಎಲ್ಲಿ ಸೇರುತ್ತೀರಿ, ಯಾವಾಗ?

ತಿಂಗಳ ಎರಡನೇ ರವಿವಾರ ಹುಬ್ಬಳ್ಳಿ, ನಾಲ್ಕನೇ ರವಿವಾರ ಧಾರವಾಡ. ಬೆಳಗ್ಗೆ ಹತ್ತೂವರೆಗೆ ಶುರು, ಮಧ್ಯಾಹ್ನ ಒಂದೂವರೆಗೆ ಮುಗಿಸುತ್ತೇವೆ. ಹುಬ್ಬಳ್ಳಿಯಲ್ಲಿ ವಿದ್ಯಾನಗರದ ಗೆಳೆಯರೊಬ್ಬರ ಟ್ಯೂಷನ್ ಕೋಣೆ, ಧಾರವಾಡದಲ್ಲಿ ಸಪ್ತಾಪುರದ ಒಂದು ಮನೆಯ ಮಹಡಿ. ಎರಡೂ ಊರಿನ ನಡುವೆ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ, ಚಿಗರಿ ಬಸ್ ಹತ್ತಿದರೆ ಆರಾಮ. ಧಾರವಾಡಕ್ಕೆ ಬರುವವರು ಜುಬಿಲಿ ಸರ್ಕಲ್‌ನಲ್ಲಿ ಇಳಿದು ಆಟೋ ಹಿಡಿಯಿರಿ.

ನಾವು ಗದಗ, ಹಾವೇರಿ ಕಡೆಯವರು. ಪ್ರತಿ ಸಲ ಬರಲು ಆಗಲ್ಲ.

ಪ್ರತಿ ಸಲ ಬರಬೇಕು ಅಂತ ಯಾರೂ ಹೇಳಿಲ್ಲ. ಎರಡು ತಿಂಗಳಿಗೊಮ್ಮೆ ಬರುವವರೂ ನಮ್ಮವರೇ. ಗದಗಿನಿಂದಲೂ ಹಾವೇರಿಯಿಂದಲೂ ಹುಬ್ಬಳ್ಳಿಗೆ ನೇರ ರೈಲು ಇದೆ, ಬಸ್ಸಿಗಂತೂ ಕೊರತೆಯಿಲ್ಲ. ರೈಲಿಗೆ ಬರುವವರಿಗೆ ಒಂದು ಮಾತು. ಹುಬ್ಬಳ್ಳಿ ಸ್ಟೇಷನ್ನಿನ ಹೊಸ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ ಇದೆ. ನಿಮ್ಮ ರೈಲು ಅಲ್ಲಿಗೆ ಬಂದು, ನೀವು ಕೊನೆಯ ಡಬ್ಬಿಯಲ್ಲಿದ್ದರೆ ಲ್ಯಾಪ್‌ಟಾಪ್ ಬ್ಯಾಗ್ ಹೊತ್ತು ನಡೆಯಲು ಸ್ವಲ್ಪ ಟೈಮ್ ಇಟ್ಟುಕೊಳ್ಳಿ.

ನಾಲ್ಕೈದು ಜನ ಸೇರಿದರೆ ನಿಮ್ಮೂರಲ್ಲೇ ಒಂದು ಕೂಟ ಶುರು ಮಾಡಬಹುದು. ಮೊದಲ ಸಲ ನಾವೇ ಬಂದು ಕೂರುತ್ತೇವೆ.

ಶುಲ್ಕ ಎಷ್ಟು?

ಇಲ್ಲ. ಚಹಾ, ಗಿರ್ಮಿಟ್, ಮಿರ್ಚಿಗೆ ದುಡಿಯುವವರೆಲ್ಲ ಸೇರಿ ಹಾಕುತ್ತೇವೆ. ವಿದ್ಯಾರ್ಥಿಗಳ ಹತ್ತಿರ ತೆಗೆದುಕೊಳ್ಳುವುದಿಲ್ಲ.

ನನಗೆ ಏನೂ ಬರಲ್ಲ. ಇಂಜಿನಿಯರಿಂಗೂ ಓದಿಲ್ಲ. ಬರಬಹುದಾ?

ಬರಬೇಕು. ನಮ್ಮ ಕಡೆ ಬಿವಿಬಿ ಕಾಲೇಜು 1947ರಿಂದ ಇದೆ, ಐಐಐಟಿ 2015ರಲ್ಲಿ ಬಂತು, ಐಐಟಿ 2016ರಲ್ಲಿ ಬಂತು. ಇವೆಲ್ಲ ಇರುವ ಊರಲ್ಲಿ ಕೋಡಿಂಗ್ ಅಂದರೆ ಆ ಕ್ಯಾಂಪಸ್ಸಿನವರ ಕೆಲಸ ಅಂತ ಉಳಿದವರಿಗೆ ಅನ್ನಿಸಿಬಿಟ್ಟಿದೆ. ನನಗೆ ಇದು ಬಹಳ ಬೇಜಾರಿನ ವಿಷಯ. ನಮ್ಮ ಪ್ರೆಸ್ಸಿನ ಅಕ್ಕ ಓದಿದ್ದು ಬಿಎ. ಅವರು ಬರೆದ ಪ್ರೋಗ್ರಾಂ ನಮ್ಮಲ್ಲಿ ಅರ್ಧ ಜನ ದಿನಾ ಬಳಸುತ್ತಾರೆ. ಅದರ ಕಥೆ ಮುಂದೆ ಇದೆ.

ಮೊದಲ ದಿನ ಬಂದವರನ್ನು ನಾವು ಸುಮ್ನೆ ಕೂರಿಸುವುದಿಲ್ಲ. ಯಾರಾದರೊಬ್ಬರು ಪಕ್ಕದಲ್ಲಿ ಕೂತು ಮೊದಲ ಹತ್ತು ಸಾಲು ಬರೆಸುತ್ತಾರೆ. ಕೀಬೋರ್ಡ್ ಮಾತ್ರ ನಿಮ್ಮ ಕೈಯಲ್ಲೇ ಇರುತ್ತದೆ. ಹೇಳಿಕೊಡುವವರು ಕೀಬೋರ್ಡ್ ಮುಟ್ಟಬಾರದು ಅನ್ನುವುದು ಇಲ್ಲಿಯ ಒಂದೇ ಒಂದು ಕಟ್ಟುನಿಟ್ಟಿನ ನಿಯಮ.

ಇಂಗ್ಲಿಷ್ ಅಷ್ಟಕ್ಕಷ್ಟೇ. ನಡೆಯುತ್ತಾ?

ನಡೆಯುತ್ತದೆ. ಪೈಥಾನ್ ಭಾಷೆ ತನಗಾಗಿ ಕಾಯ್ದಿಟ್ಟುಕೊಂಡ ಪದಗಳು ಬರೀ 35. ಇಫ್, ಎಲ್ಸ್, ಫಾರ್, ವೈಲ್ ಇವೆಲ್ಲ ಅದರಲ್ಲೇ ಬಂದವು. ಅಷ್ಟು ಪದ ಯಾರಿಗಾದರೂ ಬರುತ್ತವೆ, ಅಲ್ವಾ? ನಮ್ಮ ಮಾತುಕತೆ ಪೂರ್ತಿ ಕನ್ನಡದಲ್ಲೇ. ಮನೆಯಲ್ಲಿ ಕೂತು ಕಲಿಯುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡದಲ್ಲೂ ಸಿಗುತ್ತವೆ, ದುಡ್ಡಿಲ್ಲ.

ನಿಜವಾಗಿ ತೊಂದರೆ ಕೊಡುವುದು ಎರರ್ ಬಂದಾಗ. ಪರದೆ ತುಂಬ ಕೆಂಪು ಸಾಲು ಬಂದ ಕೂಡಲೇ ಹೊಸಬರು ಗಾಬರಿಯಾಗಿ ಅದನ್ನು ಅಳಿಸಿಬಿಡುತ್ತಾರೆ. ಪೈಥಾನ್‌ನಲ್ಲಿ ಎರರ್ ಅನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಏನು ತಪ್ಪಾಗಿದೆ ಅನ್ನುವುದು ಕೊನೆಯ ಸಾಲಲ್ಲಿ ಇರುತ್ತದೆ, ಎಷ್ಟನೇ ಸಾಲಲ್ಲಿ ಆಗಿದೆ ಅನ್ನುವುದು ಅದರ ಸ್ವಲ್ಪ ಮೇಲೆ. ಇವೆರಡನ್ನು ಓದುವ ರೂಢಿ ಬಂದರೆ ಅರ್ಧ ಕೆಲಸ ಆದಂತೆ.

ಯಾವ ಭಾಷೆಯಿಂದ ಶುರು ಮಾಡಲಿ?

ಪೈಥಾನ್. ಫೋನಿನ ಬ್ರೌಸರ್‌ನಲ್ಲಿ ಕಾಣುವಂಥದ್ದು ಮಾಡಬೇಕು ಅಂದರೆ ಜಾವಾಸ್ಕ್ರಿಪ್ಟ್. ಸೆನ್ಸರ್, ಮೋಟಾರ್ ಅಂದರೆ ಆರ್ಡುಯಿನೊ ಅನ್ನುವ ಸಣ್ಣ ಸರ್ಕ್ಯೂಟ್ ಬೋರ್ಡಿನ ಜೊತೆ ಬರುವ ಸಿ ಪ್ಲಸ್ ಪ್ಲಸ್. ಒಂದು ಹಿಡಿದ ಮೇಲೆ ಆರು ತಿಂಗಳು ಬದಲಿಸಬೇಡಿ.

ಇನ್ನೊಂದು. ಹಳೇ ಪುಸ್ತಕದ ಅಂಗಡಿಯಲ್ಲಿ ಪೈಥಾನ್ ಪುಸ್ತಕ ಅಗ್ಗಕ್ಕೆ ಸಿಗುತ್ತದೆ. ತೆಗೆದು ನೋಡಿ. ಪ್ರಿಂಟ್ ಅನ್ನುವ ಪದದ ಮುಂದೆ ಕಂಸ ಇಲ್ಲದಿದ್ದರೆ ಅದು ಪೈಥಾನ್ 2ರ ಪುಸ್ತಕ. ಅದರ ಕಾಲ 2020ರ ಜನವರಿ 1ಕ್ಕೆ ಮುಗಿದಿದೆ. ಅಗ್ಗ ಅಂತ ತಂದು ಮೊದಲ ಪುಟದಲ್ಲೇ ಎರರ್ ಬಂದು ಕೈಬಿಟ್ಟವರು ನಮ್ಮಲ್ಲಿ ಇಬ್ಬರಿದ್ದರು.

ಲ್ಯಾಪ್‌ಟಾಪ್ ಹಳೇದು, ಆನ್ ಆಗಲು ಹತ್ತು ನಿಮಿಷ ಬೇಕು. ಹೊಸದು ತಗೋಬೇಕಾ?

ಅವಸರ ಮಾಡಬೇಡಿ. ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದನ್ನು ತೆಗೆದು, ತಿರುಗುವ ಭಾಗವೇ ಇಲ್ಲದ ವೇಗದ ಡಿಸ್ಕ್ ಆದ ಒಂದು ಎಸ್‌ಎಸ್‌ಡಿ ಹಾಕಿಸಿ. ರ್‍ಯಾಮ್ ಬದಲು ಮೊದಲು ಇದಕ್ಕೇ ದುಡ್ಡು ಹಾಕಿ. ರ್‍ಯಾಮ್ 4 ಜಿಬಿ ಇದ್ದರೂ ಎಸ್‌ಎಸ್‌ಡಿ ಹಾಕಿದ ದಿನವೇ ವ್ಯತ್ಯಾಸ ಕಾಣುತ್ತದೆ. ಆಮೇಲೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್‌ನ ಹಗುರ ಆವೃತ್ತಿಯನ್ನೋ ಲುಬುಂಟುವನ್ನೋ ಹಾಕಿಕೊಳ್ಳಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು, ವಿಂಡೋಸ್ 11 ಹಳೇ ಮಷಿನ್ನುಗಳನ್ನು ಒಪ್ಪುವುದಿಲ್ಲ. ಆ ದಿನದಿಂದ ನಮ್ಮ ಕೂಟಕ್ಕೆ ಲ್ಯಾಪ್‌ಟಾಪ್ ಹೊತ್ತು ಬರುವವರು ಜಾಸ್ತಿಯಾಗಿದ್ದಾರೆ.

8 ಜಿಬಿಯ ಒಂದು ಪೆನ್‌ಡ್ರೈವ್ ತನ್ನಿ, ಕೂತಲ್ಲೇ ಹಾಕಿಕೊಡುತ್ತೇವೆ. ಆದರೆ ಅದಕ್ಕೂ ಮೊದಲು ಫೋಟೋ, ಕಾಗದಪತ್ರ ಎಲ್ಲ ಬೇರೆ ಕಡೆ ಇಳಿಸಿಕೊಂಡಿರಬೇಕು. ಹೊಸದು ಹಾಕುವಾಗ ಡಿಸ್ಕ್ ಪೂರ್ತಿ ಒರೆಸಿ ಹೋಗುತ್ತದೆ. ಇಳಿಸಿಕೊಂಡಿದ್ದನ್ನು ನಮ್ಮ ಕಣ್ಣಿಗೆ ತೋರಿಸಿದ ಮೇಲೆಯೇ ಕೈ ಹಾಕುತ್ತೇವೆ.

ಲ್ಯಾಪ್‌ಟಾಪೇ ಇಲ್ಲ, ಫೋನ್ ಮಾತ್ರ ಇದೆ.

ಶುರು ಮಾಡಲು ಸಾಕು. ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಅನ್ನುವ ಆ್ಯಪ್ ಹಾಕಿದರೆ ಪೈಥಾನ್, ಗಿಟ್ (ಕೋಡಿನ ಒಂದೊಂದು ಬದಲಾವಣೆಯನ್ನೂ ದಾಖಲಿಸಿಡುವ ಸಾಧನ) ಎರಡೂ ಓಡುತ್ತವೆ. ಟರ್ಮಕ್ಸ್ ಅನ್ನು ಎಫ್-ಡ್ರಾಯ್ಡ್ ಅನ್ನುವ ಆ್ಯಪ್ ತಾಣದಿಂದ ಇಳಿಸಿಕೊಳ್ಳಿ. ಬರೀ ಪೈಥಾನ್ ಸಾಕು ಅಂದರೆ ಪೈಡ್ರಾಯ್ಡ್ ಇದೆ. ಹಳೇ ಬ್ಲೂಟೂತ್ ಕೀಬೋರ್ಡ್ ಒಂದು ನಮ್ಮ ಹತ್ತಿರ ಇದೆ, ಕೇಳಿದರೆ ಒಂದು ತಿಂಗಳಿಗೆ ಕೊಡುತ್ತೇವೆ.

ಪ್ರೋಗ್ರಾಂನಲ್ಲಿ ಕನ್ನಡ ಹಾಕಿದರೆ ಎಣಿಕೆ ತಪ್ಪುತ್ತದೆ, ಹುಡುಕಿದರೆ ಸಿಗುವುದಿಲ್ಲ. ಯಾಕೆ?

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಪೈಥಾನ್‌ಗೆ ‘ಗದಗ’ ಎಷ್ಟು ಅಕ್ಷರ ಅಂತ ಕೇಳಿ. 3 ಅನ್ನುತ್ತದೆ. ಸರಿ. ‘ಹುಬ್ಬಳ್ಳಿ’ ಎಷ್ಟು ಅಂತ ಕೇಳಿ. ನಮ್ಮ ಕಣ್ಣಿಗೆ ಮೂರೇ ಅಕ್ಷರ, ಅದು 9 ಅನ್ನುತ್ತದೆ.

ಯೂನಿಕೋಡ್, ಅಂದರೆ ಎಲ್ಲ ಭಾಷೆಯ ಲಿಪಿಗೂ ಕಂಪ್ಯೂಟರಿನಲ್ಲಿ ಸಂಖ್ಯೆ ಕೊಡುವ ಪದ್ಧತಿ, ನಮ್ಮ ಅಕ್ಷರವನ್ನು ಬಿಡಿ ಬಿಡಿಯಾಗಿ ಇಡುತ್ತದೆ. ಹ, ಅದಕ್ಕೆ ಉಕಾರದ ಕೊಂಬು. ಬ, ಹಲಂತ ಚಿಹ್ನೆ (ಸ್ವರ ಇಲ್ಲ ಅನ್ನುವ ಗುರುತು), ಮತ್ತೆ ಬ. ಳ, ಹಲಂತ ಚಿಹ್ನೆ, ಮತ್ತೆ ಳ, ಕೊನೆಗೆ ಗುಡಿಸು. ಎಣಿಸಿ, ಒಂಬತ್ತು. ಯೂನಿಕೋಡನ್ನು ಫೈಲಿನಲ್ಲಿ ಇಡುವ ಕ್ರಮವಾದ ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್, ಅಂದರೆ ಊರ ಹೆಸರೇ 27 ಬೈಟ್. ನಮ್ಮ ಎಣಿಕೆ ಬೇಕು ಅಂದರೆ ನಾವೇ ನಿಯಮ ಬರೆಯಬೇಕು: ಬಂದದ್ದು ಸ್ವರ ಚಿಹ್ನೆಯೋ ಹಲಂತವೋ ಆದರೆ ಹಿಂದಿನದಕ್ಕೆ ಅಂಟಿಸು, ಹಿಂದಿನದು ಹಲಂತದಲ್ಲಿ ಮುಗಿದಿದ್ದರೆ ಈಗ ಬಂದ ವ್ಯಂಜನವನ್ನೂ ಅದಕ್ಕೇ ಅಂಟಿಸು. ಹತ್ತು ಹನ್ನೆರಡು ಸಾಲಿನ ಕೋಡ್. ಹೊಸಬರಿಗೆ ನಾವು ಕೊಡುವ ಎರಡನೇ ವಾರದ ಕೆಲಸ ಇದೇ.

ಹುಡುಕಾಟದ ಕಥೆ ಬೇರೆ. ‘ಹಾವೇರಿ’ಯ ವೇ ಇದೆಯಲ್ಲ, ಅದರ ಏತ್ವ ದೀರ್ಘವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಎತ್ವ ಬೇರೆ ದೀರ್ಘ ಬೇರೆ ಅಂತ ಎರಡಾಗಿಯೂ ಇಡಬಹುದು. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಕಂಪ್ಯೂಟರಿಗೆ ಬೇರೆ ಬೇರೆ. ಹಾಗಾಗಿ ಹುಡುಕುವ ಮೊದಲು ಎರಡೂ ಕಡೆಯ ಪಠ್ಯವನ್ನು ಎನ್‌ಎಫ್‌ಸಿ ಅನ್ನುವ, ಇಂಥ ಚೂರುಗಳನ್ನು ಒಂದೇ ಚಿಹ್ನೆಯಾಗಿ ಕೂಡಿಸುವ ರೂಪಕ್ಕೆ ತಂದುಕೊಳ್ಳಿ, ಪೈಥಾನ್‌ನಲ್ಲಿ ಅದಕ್ಕೆ ಒಂದೇ ಸಾಲು ಸಾಕು. ಇಷ್ಟಾದರೂ ‘ಸಾಫ್ಟ್‌ವೇರ್’ ಥರದ ಪದಗಳು ಸಿಗದೇ ಹೋಗಬಹುದು. ಟ್ ಮತ್ತು ವೇ ಒತ್ತಕ್ಷರ ಆಗದಂತೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿರುತ್ತದೆ. ಒಬ್ಬರು ಹಾಕಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ. ಹುಡುಕಾಟಕ್ಕೆ ಮಾತ್ರ ನೀವೇ ತೆಗೆದು ಹಾಕಬೇಕು, ಮೂಲ ಪಠ್ಯದಲ್ಲಿ ಹಾಗೇ ಇರಲಿ.

ಎಕ್ಸೆಲ್‌ನಲ್ಲಿ ಸಿಎಸ್‌ವಿ (ಕಾಮಾ ಹಾಕಿ ಬರೆದ ಪಟ್ಟಿಯ ಫೈಲು) ತೆರೆದರೆ ಕನ್ನಡದ ಬದಲು ಕಸ ಕಾಣುತ್ತದೆ ಅಂತ ಬರುವವರು ಬಹಳ. ಪೈಥಾನ್‌ನಿಂದ ಬರೆಯುವಾಗ ಯುಟಿಎಫ್-8-ಸಿಗ್ ಅಂತ ಕೊಡಿ, ಸರಿಹೋಗುತ್ತದೆ. ಎಸ್‌ಎಂಎಸ್ ಕಳಿಸುವವರು ಇನ್ನೊಂದು ನೆನಪಿಡಿ. ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160 ಹಿಡಿದರೆ ಕನ್ನಡದಲ್ಲಿ 70 ಮಾತ್ರ, ಅದೂ ಮೇಲೆ ಹೇಳಿದ ಬಿಡಿ ಎಣಿಕೆಯಲ್ಲಿ. ಬ್ಯಾಡಗಿಯ ನಮ್ಮ ಹುಡುಗ ರೈತರಿಗೆ ಮೆಣಸಿನಕಾಯಿ ರೇಟು ಕಳಿಸಲು ಹೊರಟಾಗ ಇದನ್ನು ಲೆಕ್ಕ ಹಾಕಿರಲಿಲ್ಲ. ‘ಕ್ವಿಂಟಲ್‌ಗೆ’ ಅನ್ನುವುದನ್ನು ‘ಕ್ವಿಂ.’ ಮಾಡಿ, ನಮಸ್ಕಾರ ತೆಗೆದು, ಹೇಗೋ ಒಂದೇ ಮೆಸೇಜಿಗೆ ಕೂರಿಸಿದ.

ಹಳೇ ನುಡಿ ಫೈಲುಗಳನ್ನು ಯೂನಿಕೋಡ್‌ಗೆ ತರುವುದು ಹೇಗೆ?

ಇಲ್ಲಿ ಪ್ರೆಸ್ಸಿನ ಅಕ್ಕನ ಕಥೆ ಬರುತ್ತದೆ. ಅವರ ಹತ್ತಿರ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸ್ಮರಣ ಸಂಚಿಕೆ ಅಂತ ವರ್ಷಗಟ್ಟಲೆ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲುಗಳಿದ್ದವು. ಆ ಫೈಲುಗಳ ಒಳಗೆ ಇರುವುದು ಕನ್ನಡವೇ ಅಲ್ಲ. ಇಂಗ್ಲಿಷ್ ಪಿ ಅಕ್ಷರದ ಜಾಗದಲ್ಲಿ ಕ ದ ಚೂರು ಬರೆದಿಟ್ಟಿದೆ, ಪಕ್ಕದಲ್ಲಿ ತಲೆಕಟ್ಟಿನ ಚೂರು. ಎರಡೂ ಸೇರಿದರೆ ಕಣ್ಣಿಗೆ ಕ ಕಾಣುತ್ತದೆ. ಫಾಂಟ್ ತೆಗೆದರೆ ಬರೀ ಗಲಿಬಿಲಿ. ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡವನ್ನು ಪರದೆಗೂ ಕಾಗದಕ್ಕೂ ತಂದದ್ದು ಇದೇ ದಾರಿ. ನಾನು ಅದನ್ನು ತಪ್ಪು ಅನ್ನುವುದಿಲ್ಲ. ಈಗ ಆ ಫೈಲುಗಳಲ್ಲಿ ಒಂದು ಹೆಸರು ಹುಡುಕಬೇಕು ಅಂದರೆ ಮಾತ್ರ ದಾರಿಯಿಲ್ಲ.

ಚೂರಿಗೆ ಚೂರು ಹೊಂದಿಸಿ ಬದಲಿಸುವುದು ಸುಲಭ. ಅಕ್ಕ ಎರಡು ತಿಂಗಳಲ್ಲಿ ಪಟ್ಟಿ ಮಾಡಿ ಮುಗಿಸಿದರು. ಓಡಿಸಿದರು. ‘ಕಾರ್ಯಕ್ರಮ’ ಇದ್ದ ಕಡೆಯೆಲ್ಲ ‘ಕಾಯರ್ಕ್ರಮ’ ಅಂತ ಬಂತು. ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಯಿತು. ಇದನ್ನು ನೀವೂ ಎಲ್ಲೋ ಓದಿದ್ದೀರಿ, ಅಲ್ವಾ? ಕಾರಣ ಅರ್ಕಾವತ್ತು. ಹಳೇ ಫೈಲಿನಲ್ಲಿ ಅದು ಕಣ್ಣಿಗೆ ಕಾಣುವ ಜಾಗದಲ್ಲೇ ಕೂತಿರುತ್ತದೆ, ಅಂದರೆ ಅಕ್ಷರ ಪೂರ್ತಿ ಆದ ಮೇಲೆ. ಯೂನಿಕೋಡ್ ಉಚ್ಚಾರದ ಕ್ರಮ ಕೇಳುತ್ತದೆ. ರ್ ಮೊದಲು ಬರಬೇಕು, ನಾ ಆಮೇಲೆ. ಹಾಗಾಗಿ ಅರ್ಕಾವತ್ತು ಸಿಕ್ಕ ಕೂಡಲೇ ಹಿಂದಕ್ಕೆ ನಡೆದು, ಒಂದು ಪೂರ್ತಿ ಅಕ್ಷರ ದಾಟಿ, ಅದಕ್ಕಿಂತ ಮೊದಲು ರ್ ಇಡಬೇಕು. ಆ ಅಕ್ಷರಕ್ಕೆ ಒತ್ತು ಇದ್ದರೆ ಒತ್ತನ್ನೂ ದಾಟಬೇಕು. ಆ ದಿನ ಮಾಸ್ತರು ಬೋರ್ಡಿನ ಮೇಲೆ ‘ಕರ್ನಾಟಕ’ವನ್ನು ಏಳು ಚೌಕಗಳಲ್ಲಿ ಬರೆದು, ಎರಡನೇ ಚೌಕಕ್ಕೆ ಬೆರಳಿಟ್ಟು, ‘ಇದು ಇಲ್ಲಿಗೆ ಬರಬೇಕಲ್ರೀ ಅಕ್ಕಾರ?’ ಅಂದರು. ಅಕ್ಕ ಐದು ನಿಮಿಷ ಮಾತಾಡಲಿಲ್ಲ. ಆಮೇಲೆ ‘ಹೌದ್ರೀ ಸರ, ನಾ ಮುಂದಿಂದ ಹಿಂದ ನೋಡಾಕತ್ತಿದ್ದೆ’ ಅಂತ ಹೇಳಿ ಅಲ್ಲೇ ಕೂತು ಸರಿ ಮಾಡಿದರು.

ಆ ಪ್ರೋಗ್ರಾಂ ಈಗ ಎಲ್ಲರಿಗೂ ತೆರೆದಿದೆ, ಕೂಟಕ್ಕೆ ಬಂದು ತಗೊಂಡು ಹೋಗಿ. ನುಡಿಯಲ್ಲಿ ಬೆರಳು ಪಳಗಿದವರು ಭಯಪಡಬೇಡಿ, ಕೆ. ಪಿ. ರಾವ್ ರೂಪಿಸಿದ ಅದೇ ಕಗಪ ಕೀಲಿಮಣೆ ಲಿನಕ್ಸ್‌ನಲ್ಲಿ ಯೂನಿಕೋಡ್‌ಗೂ ಇದೆ. ಎಫ್ ಒತ್ತಿದರೆ ಹಲಂತ ಬರುವುದು ಅಲ್ಲೂ ಹಾಗೇ. ಫೈಲೇ ಇಲ್ಲ, ಅಚ್ಚಾದ ಪುಟ ಮಾತ್ರ ಇದೆ ಅನ್ನುವವರಿಗೆ ಟೆಸೆರಾಕ್ಟ್ ಇದೆ, ಚಿತ್ರದಿಂದ ಅಕ್ಷರ ಓದುವ ಆ ಪ್ರೋಗ್ರಾಂ ಕನ್ನಡ ಓದುತ್ತದೆ. ಪುಟ ಸೊಟ್ಟ ಇಲ್ಲದೆ, ಬೆಳಕು ಸಮ ಇರುವಂತೆ ಸ್ಕ್ಯಾನ್ ಮಾಡಿದರೆ ಚೆನ್ನಾಗಿ ಓದುತ್ತದೆ. ಒತ್ತಕ್ಷರಗಳನ್ನು ಮಾತ್ರ ಕೂತು ತಿದ್ದಬೇಕು.

ಸಹಾಯ ಕೇಳುವಾಗ ಏನು ಹೇಳಬೇಕು?

‘ಓಡ್ತಿಲ್ಲ’ ಅಂತ ಒಂದೇ ಪದ ಬೇಡ. ಏನು ಮಾಡಲು ಹೊರಟಿದ್ದಿರಿ, ಏನು ಬರಬೇಕಿತ್ತು, ಏನು ಬಂತು, ವಿಂಡೋಸೋ ಲಿನಕ್ಸೋ ಫೋನೋ, ಇಷ್ಟು ಹೇಳಿ. ಎರರ್ ಅನ್ನು ಪಠ್ಯವಾಗಿಯೇ ಕಳಿಸಿ. ಫೋನಿನಿಂದ ಪರದೆಯ ಫೋಟೋ ತೆಗೆದರೆ ಅರ್ಧ ಸಾಲು ಕತ್ತರಿಸಿರುತ್ತದೆ, ನಾವು ಕಾಪಿ ಮಾಡಿ ಓಡಿಸಿ ನೋಡಲೂ ಆಗುವುದಿಲ್ಲ. ಸಾವಿರ ಸಾಲಿನ ಪ್ರೋಗ್ರಾಂ ಆದರೆ ತೊಂದರೆ ಇರುವ ಇಪ್ಪತ್ತು ಸಾಲಿಗೆ ಇಳಿಸಿ ನೋಡಿ. ಇಳಿಸುತ್ತಾ ಇಳಿಸುತ್ತಾ ಎಷ್ಟೋ ಸಲ ತಪ್ಪು ನಿಮಗೇ ಸಿಗುತ್ತದೆ.

ಗಿಟ್ ಕಲಿಯಲೇಬೇಕಾ?

ಕಲಿಯಲೇಬೇಕು. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕೆಲಸಕ್ಕೆಂದು ಇದನ್ನು ಬರೆದರು, ನಮ್ಮಂಥ ಮನೆಗೆಲಸದ ಪ್ರೋಗ್ರಾಂಗೂ ಇದು ಅಷ್ಟೇ ಬೇಕು. ಆಡ್ (ಬದಲಾದದ್ದನ್ನು ಆರಿಸುವುದು), ಕಮಿಟ್ (ದಾಖಲಿಸುವುದು), ಪುಶ್ (ಬೇರೆ ಕಡೆ ಏರಿಸುವುದು), ಪುಲ್ (ಅಲ್ಲಿಂದ ಇಳಿಸುವುದು), ಈ ನಾಲ್ಕರಲ್ಲಿ ಒಂದು ವರ್ಷ ಕಳೆಯಬಹುದು. ಮಧ್ಯಾಹ್ನ ಕರೆಂಟ್ ಹೋದಾಗ ನನ್ನ ಡೆಸ್ಕ್‌ಟಾಪಿನ ಡಿಸ್ಕ್ ಕೆಟ್ಟು ಮೂರು ತಿಂಗಳ ಕೆಲಸ ಹೋಯಿತು. ಎರಡನೇ ಪ್ರತಿ ಎಲ್ಲೂ ಇರಲಿಲ್ಲ. ಆವತ್ತಿನಿಂದ ಏಳುವ ಮೊದಲು ಪುಶ್ ಮಾಡದೆ ನಾನು ಕುರ್ಚಿ ಬಿಡುವುದಿಲ್ಲ.

ಒಂದು ಎಚ್ಚರಿಕೆ. ಪಾಸ್‌ವರ್ಡ್, ಎಪಿಐ ಕೀಗಳನ್ನು (ಬೇರೆ ಸೇವೆ ಬಳಸಲು ಪ್ರೋಗ್ರಾಂಗೆ ಕೊಟ್ಟ ಗುಟ್ಟಿನ ಸಂಕೇತ) ಕೋಡಿನೊಳಗೆ ಬರೆದು ಎಲ್ಲರಿಗೂ ಕಾಣುವ ಕಡೆ ಏರಿಸಬೇಡಿ. ನಮ್ಮ ಹುಡುಗನೊಬ್ಬ ಎಸ್‌ಎಂಎಸ್ ಕಳಿಸುವ ಕೀ ಸಮೇತ ಏರಿಸಿದ್ದ. ಬೆಳಗ್ಗೆ ನೋಡಿದರೆ ಯಾರೋ ಅದನ್ನು ಬಳಸಿ ಅವನು ತುಂಬಿದ್ದ ದುಡ್ಡೆಲ್ಲ ಖಾಲಿ ಮಾಡಿದ್ದರು. ಅವನು ಆ ಸಾಲು ಅಳಿಸಿ ಮತ್ತೆ ಕಮಿಟ್ ಮಾಡಿದ, ಆದರೆ ಹಳೇ ಕಮಿಟ್‌ನಲ್ಲಿ ಕೀ ಹಾಗೇ ಇತ್ತು. ಇಂಥದ್ದು ಆದರೆ ಮೊದಲು ಆ ಕೀ ರದ್ದು ಮಾಡಿ ಹೊಸದು ತಗೊಳ್ಳಿ, ಉಳಿದದ್ದು ಆಮೇಲೆ.

ಮನೆಯ ನೀರಿನ ಟ್ಯಾಂಕಿಗೆ ಏನಾದರೂ ಮಾಡಬಹುದಾ?

ನಮ್ಮ ಕಡೆ ಎಷ್ಟೋ ಓಣಿಗಳಲ್ಲಿ ನಳ ದಿನಾ ಬರುವುದಿಲ್ಲ, ಹಾಗಾಗಿ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಅನ್ನುವುದು ಮನೆಯ ದೊಡ್ಡ ಪ್ರಶ್ನೆ. ಇಎಸ್‌ಪಿ32 ಅನ್ನುವ, ಪ್ರೋಗ್ರಾಂ ಓಡಿಸುವ ಸಣ್ಣ ಬೋರ್ಡ್ ಒಂದು, ಅಲ್ಟ್ರಾಸೋನಿಕ್ ಸೆನ್ಸರ್ ಒಂದು ಸಾಕು. ಸೆನ್ಸರ್ ಶಬ್ದ ಬಿಡುತ್ತದೆ, ಅದು ನೀರಿಗೆ ತಾಗಿ ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಎಣಿಸಿ ದೂರ ಹೇಳುತ್ತೇವೆ. ಸಾಮಾನ್ಯವಾಗಿ ಸಿಗುವ ಎಚ್‌ಸಿ-ಎಸ್‌ಆರ್04 ಸೆನ್ಸರಿನ ಉತ್ತರ 5 ವೋಲ್ಟಿನಲ್ಲಿ ಬರುತ್ತದೆ, ಇಎಸ್‌ಪಿ32 ತಡೆಯುವುದು 3.3 ವೋಲ್ಟ್. ನಡುವೆ 1 ಕಿಲೋಓಮ್, 2 ಕಿಲೋಓಮ್ ರೆಸಿಸ್ಟರ್ ಹಾಕಿ ಇಳಿಸಿಕೊಳ್ಳಿ. ಟ್ಯಾಂಕಿನ ಒಳಗಿನ ಆವಿಗೆ ಆ ಸೆನ್ಸರ್ ಬೇಗ ಹಾಳಾಗುತ್ತದೆ. ನೀರು ತಡೆಯುವ ನಮೂನೆ ಸಿಗುತ್ತದೆ, ಅದನ್ನೇ ತನ್ನಿ.

ಗದಗಿನ ಒಂದು ಮನೆಯಲ್ಲಿ ಏಪ್ರಿಲ್‌ನಲ್ಲಿ ಇದನ್ನು ಹಾಕಿದಾಗ ಒಂದು ವಿಚಿತ್ರ ಕಂಡೆವು. ನಳ ಬಂದಿಲ್ಲ, ಆದರೂ ಮಧ್ಯಾಹ್ನದ ಹೊತ್ತಿಗೆ ನೀರು ಎರಡು ಮೂರು ಸೆಂಟಿಮೀಟರ್ ಏರಿದೆ ಅಂತ ತೋರಿಸುತ್ತಿತ್ತು. ಸಂಜೆ ಮತ್ತೆ ಇಳಿಯುತ್ತಿತ್ತು. ತಂತಿ ಬದಲಿಸಿದೆವು, ಸೆನ್ಸರ್ ಬದಲಿಸಿದೆವು, ಅದೇ ಕಥೆ. ಕೊನೆಗೆ ಮಾಸ್ತರು ಹೇಳಿದರು, ಬಿಸಿಲಿಗೆ ಶಬ್ದ ಬೇಗ ಓಡುತ್ತದೆ ಅಂತ. 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್, 40 ಡಿಗ್ರಿಯಲ್ಲಿ 355. ನಮ್ಮ ಕೋಡಿನಲ್ಲಿ 343 ಅಂತ ಗಟ್ಟಿಯಾಗಿ ಬರೆದುಬಿಟ್ಟಿದ್ದೆವು. ಪಕ್ಕದಲ್ಲಿ ಒಂದು ಉಷ್ಣತೆಯ ಸೆನ್ಸರ್ ಇಟ್ಟು, ಡಿಗ್ರಿಯನ್ನು 0.606ರಿಂದ ಗುಣಿಸಿ 331.3ಕ್ಕೆ ಕೂಡಿಸಿ ವೇಗ ತಗೊಂಡೆವು. ನೀರು ನಿಂತಲ್ಲೇ ನಿಂತಿತು.

ಹೊಲದ ಪಂಪ್‌ಸೆಟ್ ಫೋನಿನಿಂದ ಆನ್ ಆಫ್ ಮಾಡುವುದು ಹೇಳಿಕೊಡುತ್ತೀರಾ?

ಇಲ್ಲ. ಅದು ಮೂರು ಫೇಸ್, 415 ವೋಲ್ಟ್. ಆ ಕೆಲಸಕ್ಕೆ ತಯಾರಾದ ಮೊಬೈಲ್ ಸ್ಟಾರ್ಟರ್ ಅಂಗಡಿಯಲ್ಲಿ ಸಿಗುತ್ತದೆ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಕೂರಿಸಿಕೊಳ್ಳಿ. ಮಣ್ಣಿನ ತೇವ ಅಳೆಯುವುದು, ಮಳೆ ದಾಖಲಿಸುವುದು, ಇವನ್ನು ಖುಷಿಯಿಂದ ಹೇಳಿಕೊಡುತ್ತೇವೆ. ತೇವಕ್ಕೆ ಕೆಪಾಸಿಟಿವ್ ಸೆನ್ಸರ್ ತನ್ನಿ. ಎರಡು ಕಾಲಿನ ಅಗ್ಗದ ಸೆನ್ಸರ್ ಎರೆಮಣ್ಣಿನಲ್ಲಿ ಬೇಗ ತುಕ್ಕು ಹಿಡಿಯುತ್ತದೆ.

ನನ್ನ ಅಂಗಡಿಗೆ ಒಂದು ಸಾಫ್ಟ್‌ವೇರ್ ಮಾಡಿಕೊಡಿ.

ನೀವೇ ಮಾಡಿಕೊಳ್ಳಲು ಜೊತೆಗಿರುತ್ತೇವೆ. ಉದ್ರಿ ಖಾತೆ ಒಳ್ಳೆಯ ಮೊದಲ ಕೆಲಸ. ಯಾರು, ಯಾವತ್ತು, ಎಷ್ಟು ಒಯ್ದರು, ಎಷ್ಟು ಕೊಟ್ಟರು, ಇಷ್ಟೇ. ದುಡ್ಡನ್ನು ಮಾತ್ರ ಪೈಸೆಯಲ್ಲಿ, ಪೂರ್ಣ ಸಂಖ್ಯೆಯಾಗಿ ಇಡಿ. ದಶಮಾಂಶದಲ್ಲಿ ಇಟ್ಟು 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಬರುತ್ತದೆ. ಗಿರಾಕಿಯ ಹೆಸರು, ಫೋನ್ ನಂಬರ್ ಇರುವ ಫೈಲನ್ನು ಕೂಟಕ್ಕೆ ತರಬೇಡಿ, ಸುಳ್ಳು ಹೆಸರು ಹಾಕಿದ ನಮೂನೆ ತನ್ನಿ.

ಈಗ ಎಐ ಎಲ್ಲ ಬರೆದುಕೊಡುತ್ತದಲ್ಲ, ಕಲಿಯುವುದು ಯಾಕೆ?

ನಾವೂ ಬಳಸುತ್ತೇವೆ. ಅರ್ಥವಾಗದ ಎರರ್ ಅನ್ನು ಕನ್ನಡದಲ್ಲಿ ವಿವರಿಸು ಅಂತ ಕೇಳಲು ಬಹಳ ಒಳ್ಳೆಯದು. ಆದರೆ ಅರ್ಕಾವತ್ತಿನ ಕೋಡ್ ಬರೆಸಿದಾಗ ‘ಕರ್ನಾಟಕ’ ಸರಿ ಬಂತು, ಒತ್ತು ಇರುವ ಪದಗಳು ತಪ್ಪಿದವು. ಅದು ತಪ್ಪು ಅಂತ ಹಿಡಿದದ್ದು ಅಕ್ಕ, ಯಾಕೆಂದರೆ ಅವರು ಆ ಕೆಲಸವನ್ನು ಕೈಯಾರೆ ಮಾಡಿದ್ದರು. ಕೆಲವೊಮ್ಮೆ ಇಲ್ಲದ ಲೈಬ್ರರಿಯ (ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ) ಹೆಸರನ್ನೂ ಹೇಳುತ್ತದೆ. ಅದೇ ಹೆಸರಲ್ಲಿ ಕೆಟ್ಟ ಕೋಡ್ ಏರಿಸಲು ಯಾರಿಗೂ ಅಡ್ಡಿಯಿಲ್ಲ, ಹಾಗಾಗಿ ಇನ್‌ಸ್ಟಾಲ್ ಮಾಡುವ ಮೊದಲು ಅದು ಯಾರದು, ಎಷ್ಟು ಹಳೆಯದು ಅಂತ ನೋಡಿ. ನಮ್ಮಲ್ಲಿ ಪದ್ಧತಿ ಇಷ್ಟೇ: ಎಐ ಬರೆದದ್ದನ್ನು ತೋರಿಸಬಹುದು, ಆದರೆ ಪ್ರತಿ ಸಾಲು ಏನು ಮಾಡುತ್ತದೆ ಅಂತ ಕೇಳಿದರೆ ಹೇಳಬೇಕು.

ಇದರಿಂದ ಕೆಲಸ ಸಿಗುತ್ತದಾ?

ಅದಕ್ಕೆ ಅಂತ ನಾವು ಸೇರುವುದಿಲ್ಲ. ಆದರೆ ನಿಮ್ಮ ಕೈಯಿಂದ ಮುಗಿದ ಒಂದು ಪ್ರೋಗ್ರಾಂ, ಅದರ ಗಿಟ್ ಇತಿಹಾಸ ಸಮೇತ, ಇಂಟರ್ವ್ಯೂನಲ್ಲಿ ತೋರಿಸಲು ಚೆನ್ನಾಗಿರುತ್ತದೆ.

ಮಗಳನ್ನು ಕಳಿಸಬಹುದಾ?

ಖಂಡಿತ. ಹೆಣ್ಣುಮಕ್ಕಳು ಮೊದಲಿನಿಂದಲೂ ಇದ್ದಾರೆ. ಹಗಲಲ್ಲೇ ಮುಗಿಯುತ್ತದೆ. ಹದಿನೆಂಟರ ಒಳಗಿನವರ ಜೊತೆ ಮನೆಯವರೊಬ್ಬರು ಬನ್ನಿ, ಸುಮ್ನೆ ಹಿಂದೆ ಕೂತಿದ್ದರೂ ಸರಿ. ಹೀಗೆ ಮಗಳ ಜೊತೆ ಬಂದ ಒಬ್ಬ ಕಾಕಾ ಈಗ ಸ್ವತಃ ಪೈಥಾನ್ ಬರೆಯುತ್ತಾರೆ.

ಮೊದಲ ಸಲ ಬರುವಾಗ ಏನು ತರಬೇಕು?

ಇದ್ದರೆ ಲ್ಯಾಪ್‌ಟಾಪ್, ಚಾರ್ಜರ್. ಒಂದು ನೋಟ್‌ಬುಕ್. ಅದರಲ್ಲಿ ಒಂದು ಸಾಲು ಬರೆದುಕೊಂಡು ಬನ್ನಿ: ಮನೆಯಲ್ಲೋ ಕೆಲಸದಲ್ಲೋ ದಿನಾ ಬೇಸರದಿಂದ ಮಾಡುವ ಕೆಲಸ ಯಾವುದು? ಅಲ್ಲಿಂದಲೇ ಶುರು ಮಾಡುತ್ತೇವೆ. ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರೆ ಅದನ್ನೂ ತನ್ನಿ, ಧಾರವಾಡದ ಮಹಡಿಯಲ್ಲಿ ಪ್ಲಗ್ ಇರುವುದು ನಾಲ್ಕೇ.